ಹೊಳೆಯ ಗುಂಟ

ನದಿಯ ಜೊತೆಯಲ್ಲಿ ಸಾಗುವುದು ಒಂದು. ನದಿಯನ್ನು ದಾಟುವುದು ಮತ್ತೊಂದು. ಮೇಲುನೋಟಕ್ಕೆ ಅಲ್ಪವೆಂದು ತೋರುವ ಈ ಅಂತರವನ್ನು ಯಾದಗಿರಿಯ ನಿವೃತ್ತ ಮಾಸ್ತರರೊಬ್ಬರೂ ಅವರ ಒಬ್ಬನೇ ಮಗನೂ ನಾಲ್ಕು ದಿನ ಸೈಕಲ್ಲು ತುಳಿದು ಅರಿತುಕೊಂಡರು. ಅರಿತ ಮೇಲೆ, ಮಾರಬೇಕೆಂದಿದ್ದ ಮನೆಯೊಂದು ಮಾರಾಟವಾಗದೆ ಉಳಿಯಿತು.

ಮಾಸ್ತರರು ಪ್ರೌಢಶಾಲೆಯಲ್ಲಿ ಭೂಗೋಳವನ್ನು ಬೋಧಿಸಿದವರು. ಕೋಟೆಯ ಗುಡ್ಡದ ಕೆಳಗಿನ ಓಣಿಯಲ್ಲಿ, ಶಹಾಬಾದಿನ ಹಾಸುಗಲ್ಲು ಹಾಕಿದ ಪುಟ್ಟ ಮನೆ; ಅಂಗಳದಲ್ಲಿ ಒಂದು ಬೇವಿನ ಗಿಡ; ಗೋಡೆಗೆ ಒರಗಿ ನಿಂತ ಒಂದು ಹಳೆಯ ಸೈಕಲ್ಲು. ಮಗ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಎಂಜಿನಿಯರ್. ಹತ್ತು ವರ್ಷಗಳಿಂದ ಅಲ್ಲಿಯೇ ಇದ್ದಾನೆ. ಈ ಸಲ ಎಳ್ಳ ಅಮಾವಾಸ್ಯೆಗೆಂದು ಬಂದವನು ಬರಿಗೈಯಲ್ಲಿ ಬಂದಿರಲಿಲ್ಲ. ಒಂದು ನಿರ್ಧಾರವನ್ನು ಹೊತ್ತು ತಂದಿದ್ದ. ಅಪ್ಪನಿಗೆ 66 ದಾಟಿತು, ಅಮ್ಮನಿಗೆ ಮೊಣಕಾಲು ನೋವು. ಇಬ್ಬರೇ ಇಲ್ಲಿರುವುದೆಂದರೆ ಹೇಗೆ? ಮನೆಯನ್ನು ಮಾರಿ ಇಬ್ಬರೂ ತನ್ನೊಡನೆ ಬರಬೇಕು. ಕೊಳ್ಳುವವರೂ ಗೊತ್ತಾಗಿದ್ದರು, ಮುಂದಿನ ವಾರ ಮನೆಯನ್ನು ನೋಡಲು ಬರುವವರಿದ್ದರು.

ಮಾಸ್ತರರು ಆಗಲಿ ಎನ್ನಲಿಲ್ಲ, ಆಗದು ಎನ್ನಲೂ ಇಲ್ಲ. ಆ ಮಾತು ಬಂದಾಗಲೆಲ್ಲ ಅಂಗಳಕ್ಕೆ ಹೋಗಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

ಅಮಾವಾಸ್ಯೆಯ ದಿನ ನೆಂಟರ ಹೊಲದಲ್ಲಿ ಚರಗ ಚೆಲ್ಲಿ, ಬನ್ನಿಯ ಗಿಡದ ನೆರಳಿನಲ್ಲಿ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಮಗ ತನ್ನ ಹಿಂದಿನ ಬೇಸಗೆಯ ಪ್ರವಾಸವನ್ನು ವರ್ಣಿಸಿದನು. ಜರ್ಮನಿಯ ಪಸಾವ್ ಎಂಬ ಊರಿನಿಂದ ಆಸ್ಟ್ರಿಯದ ರಾಜಧಾನಿ ವಿಯೆನ್ನಾದವರೆಗೆ, ಡ್ಯಾನ್ಯೂಬ್ ನದಿಯ ದಂಡೆಯಲ್ಲಿಯೇ ಸುಮಾರು 300 ಕಿಲೋಮೀಟರ್. ಒಟ್ಟು ಏಳು ದಿನ. ದಾರಿ ತೋರಿಸುವ ಮಾರ್ಗದರ್ಶಿ ಯಾರೂ ಇಲ್ಲ. ಕೈಯಲ್ಲಿ ಒಂದು ನಕ್ಷೆ. ದಾರಿ ಕವಲೊಡೆದಲ್ಲೆಲ್ಲ ಸೈಕಲ್ಲಿನ ಚಿತ್ರವಿರುವ ಫಲಕ. ಬೆಳಗ್ಗೆ ಚೀಲವನ್ನು ವಸತಿಗೃಹದಲ್ಲಿ ಬಿಟ್ಟು ಹೊರಟರೆ ಸಂಜೆ ಅದು ಮುಂದಿನ ಊರಿನ ವಸತಿಗೃಹದಲ್ಲಿ ಕಾದಿರುತ್ತದೆ. ಒಂದು ಪಕ್ಕದಲ್ಲಿ ನೀರು, ಮತ್ತೊಂದು ಪಕ್ಕದಲ್ಲಿ ದ್ರಾಕ್ಷಿಯ ತೋಟಗಳು. ಏರಿಲ್ಲ, ಇಳಿತವಿಲ್ಲ, ಎಂಟು ವರ್ಷದ ಮಕ್ಕಳೂ ಎಪ್ಪತ್ತರ ಮುದುಕರೂ ನಿರಾತಂಕವಾಗಿ ತುಳಿದುಕೊಂಡು ಹೋಗುತ್ತಾರೆ.

"ನೀವೂ ಅಲ್ಲಿಗೆ ಬಂದ್ರ ಇಂಥಾ ದಾರ್ಯಾಗ ಸೈಕಲ್ ಹೊಡೀಬಹುದು, ಅಪ್ಪಾ" ಎಂದು ಮಗ ಮಾತನ್ನು ಮೆಲ್ಲನೆ ತಿರುಗಿಸಿದನು.

ಮಾಸ್ತರರು ಸಜ್ಜೆಯ ರೊಟ್ಟಿಯನ್ನು ಮುರಿಯುತ್ತ, "ತಮ್ಮಾ, ಹೊಳಿ ದಂಡಿಗಿ ಅಷ್ಟು ಉದ್ದ ದಾರಿ ಯಾಕ ಬಂತು? ಸೈಕಲ್ ಹುಟ್ಟೂದಕ್ಕಿಂತ ಮೊದಲ ಅಲ್ಲಿ ಯಾರು ಅಡ್ಡಾಡತಿದ್ರು?" ಎಂದು ಕೇಳಿದರು. ಮಗನಿಗೆ ತಿಳಿದಿರಲಿಲ್ಲ. ಆ ರಾತ್ರಿ ಫೋನಿನಲ್ಲಿ ಹುಡುಕಿ ಓದಿ ಹೇಳಿದನು. ಡ್ಯಾನ್ಯೂಬ್ ಶತಮಾನಗಳಿಂದ ಸರಕು ಸಾಗಿಸುವ ದೋಣಿಗಳ ಹೆದ್ದಾರಿ. ಪ್ರವಾಹದೊಡನೆ ಇಳಿಯುವುದು ಸುಲಭ. ಪ್ರವಾಹಕ್ಕೆದುರಾಗಿ ಏರಬೇಕಾದರೆ ದೋಣಿಗೆ ಹಗ್ಗವನ್ನು ಕಟ್ಟಿ ದಂಡೆಯ ಮೇಲೆ ಕುದುರೆಗಳಿಂದ ಎಳೆಸುತ್ತಿದ್ದರು. ಕುದುರೆಗಳು ನಡೆದ ದಾರಿಯೇ ಅನೇಕ ಕಡೆ ಇಂದಿನ ಸೈಕಲ್ಲಿನ ದಾರಿ.

ಮಾಸ್ತರರು ಬಹಳ ಹೊತ್ತು ಸುಮ್ಮನಿದ್ದು, "ಮನೆ ಮಾತು ಆಮ್ಯಾಲ ಆಡೋಣು. ಮೊದಲ ನಾಕು ದಿನ ನಮ್ಮ ಹೊಳಿ ಗುಂಟ ಹೋಗಿ ಬರೋಣು ನಡಿ" ಎಂದರು. ತಾಯಿ ನಕ್ಕು, ಉಳಿದ ರೊಟ್ಟಿಯನ್ನೂ ಶೇಂಗಾದ ಹಿಂಡಿಯನ್ನೂ ಬಟ್ಟೆಯಲ್ಲಿ ಕಟ್ಟಿಟ್ಟರು. ಸೋದರಸಂಬಂಧಿಯ ಗೇರಿನ ಸೈಕಲ್ಲೊಂದು ಮಗನಿಗೆ ದೊರೆಯಿತು.

ಯಾದಗಿರಿ ಜಿಲ್ಲೆಯ ಈ ಸೀಮೆಯನ್ನು ನಕ್ಷೆಯಲ್ಲಿ ನೋಡಿದರೆ ಎರಡು ನದಿಗಳು ತೋಳು ಚಾಚಿ ತಬ್ಬಿಕೊಂಡಂತೆ ಕಾಣುತ್ತದೆ. ಉತ್ತರ ಮತ್ತು ಪೂರ್ವಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಾಪುರದಲ್ಲಿ ಚಂದ್ರಭಾಗೆಯೆನಿಸಿಕೊಂಡು, ಸುಮಾರು 860 ಕಿಲೋಮೀಟರ್ ಹರಿದು ಬರುವ ಭೀಮೆಯು ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಕೂಡಿಕೊಳ್ಳುತ್ತಾಳೆ. ಆ ಎರಡು ತೋಳುಗಳ ನಡುವಿನ ನೆಲವೇ ಶಹಾಪುರ, ಸುರಪುರಗಳ ನಾಡು. ಪ್ರಾಕ್ತನ ಸಂಶೋಧಕರು ಇದನ್ನು ಸುರಪುರದ ದೋಆಬ್ ಎಂದು ಕರೆದಿದ್ದಾರೆ. ಭೀಮೆಯಿಂದ ಹೊರಟು ಕೃಷ್ಣೆಯನ್ನು ಸೇರುವುದೇ ಮಾಸ್ತರರ ಯೋಜನೆಯಾಗಿತ್ತು.

ಮೊದಲನೆಯ ದಿನ ನಸುಕಿನಲ್ಲಿ ಹೊರಟು, ಭೀಮೆಯ ಸೇತುವೆಯನ್ನು ದಾಟಿದ ಮೇಲೆ, ಮಾಸ್ತರರು ಶಹಾಪುರದ ಡಾಂಬರು ರಸ್ತೆಯನ್ನು ಬಿಟ್ಟು ದಂಡೆಯ ಕಡೆಗೆ ಹೊರಳಿದರು. ಎರಡು ಫರ್ಲಾಂಗು ಬಂಡಿಯ ದಾರಿ, ಅದರಾಚೆ ಕಾಲುದಾರಿ, ಅದರಾಚೆ ಬರಿಯ ಎರೆಹೊಲ. ಹಿಂದಿನ ಮಳೆಗಾಲದಲ್ಲಿ ಎತ್ತುಗಳು ತುಳಿದ ಹೆಜ್ಜೆಗಳು ಒಣಗಿ ಕಲ್ಲಾಗಿದ್ದವು. ಒಂದು ಕಡೆ ಹಳ್ಳವು ಮಣ್ಣನ್ನು ಕೊರೆದು ಆಳವಾದ ಕಂದರವಾಗಿತ್ತು. ಅದನ್ನು ಬಳಸಿ ಹೋಗುವಷ್ಟರಲ್ಲಿ ಜಾಲಿಯ ಮುಳ್ಳು ಗೇರಿನ ಸೈಕಲ್ಲಿನ ಗಾಲಿಯನ್ನು ಹೊಕ್ಕಿತು.

ಮಾಸ್ತರರು ಚೀಲದಿಂದ ರಬ್ಬರಿನ ತುಂಡನ್ನೂ ಅಂಟನ್ನೂ ತೆಗೆದು, ನೆಲದ ಮೇಲೆ ಕುಳಿತು ಪಂಕ್ಚರ್ ಹಚ್ಚತೊಡಗಿದರು. ಕುರಿಗಳನ್ನು ಹೊಡೆದುಕೊಂಡು ಬಂದ ಮುದುಕನೊಬ್ಬನು ಕೋಲನ್ನೂರಿ ನಿಂತು ವಿಚಾರಿಸಿದನು.

"ಯಾವೂರ್ರಿ? ಎಲ್ಲಿಗಿ ಹೊಂಟೀರಿ?"

"ಹೊಳಿ ಗುಂಟ ಹೊಂಟೀವಿ."

"ಹೊಳಿ ಗುಂಟ ದಾರಿ ಎಲ್ಲದರೀ ಯಪ್ಪಾ? ಹೊಳಿಗಿ ಹೋಗೋ ದಾರಿ ಅದ. ಹೊಳಿ ಗುಂಟ ಹೋಗೋ ದಾರಿ ಇಲ್ಲ."

ಮಾಸ್ತರರು ತಲೆಯೆತ್ತಿ ಮಗನನ್ನು ನೋಡಿದರು. ಎಷ್ಟೋ ವರ್ಷ ಕರಿಹಲಗೆಯ ಮುಂದೆ ನಿಂತು ಹೇಳಬೇಕಾಗಿದ್ದ ಪಾಠವನ್ನು ಮುದುಕನು ಎರಡು ವಾಕ್ಯಗಳಲ್ಲಿ ಮುಗಿಸಿದ್ದನು. ಭೀಮೆಯೂ ಕೃಷ್ಣೆಯೂ ದೋಣಿಗಳ ಹೆದ್ದಾರಿಯಾಗಲಿಲ್ಲ. ಮಳೆಗಾಲದಲ್ಲಿ ಎರಡು ದಂಡೆಗಳನ್ನೂ ಮುಚ್ಚಿ ಹರಿಯುವ ನೀರು, ಬೇಸಗೆಯಲ್ಲಿ ಬಂಡೆಗಳ ನಡುವೆ ಹರಿದು ಹಂಚಿಹೋಗುತ್ತದೆ. ಪ್ರವಾಹಕ್ಕೆ ಅಂಜಿ ಊರುಗಳು ದೂರ ಸರಿದು ಕುಳಿತಿವೆ. ನೀರಿನ ಹತ್ತಿರಕ್ಕೆ ಬಂದು ನಿಂತವು ಗುಡಿಗಳು ಮಾತ್ರ. ಇಲ್ಲಿ ನದಿಯ ಮೇಲೆ ಇದ್ದ ವಾಹನ ಹರಿಗೋಲು. ಅದು ಈ ದಂಡೆಯಿಂದ ಆ ದಂಡೆಗೆ ಹೋಗುವುದಕ್ಕೆ ಹುಟ್ಟಿದ್ದು. ಆದುದರಿಂದ ದಾರಿಗಳೆಲ್ಲ ಊರಿನಿಂದ ನೀರಿಗೆ ಬಂದು, ನೀರನ್ನು ದಾಟಿ, ಮತ್ತೊಂದು ಊರಿಗೆ ಹೋಗುತ್ತವೆ. ಡ್ಯಾನ್ಯೂಬಿನ ಜನಕ್ಕೆ ನದಿಯೇ ದಾರಿ. ಇಲ್ಲಿಯ ಜನಕ್ಕೆ ನದಿಯು ದಾರಿಯ ನಡುವೆ ಬರುವ ಒಂದು ಪರೀಕ್ಷೆ.

ಪಂಕ್ಚರ್ ಹಚ್ಚಿ ಮುಗಿದಮೇಲೆ ಮಾಸ್ತರರು ಎದುರಿನ ದಂಡೆಯನ್ನು ತೋರಿಸಿದರು. "ಅಲ್ಲಿ ಹರಿಗೋಲು ಹಚ್ಚತಿದ್ರು. ನನ್ನ ಮೊದಲನೇ ನೌಕರಿ ಈ ಕಡೀ ಹಳ್ಳ್ಯಾಗ. ವಾರಕ್ಕೊಮ್ಮೆ ಸೈಕಲ್ ಹರಿಗೋಲದಾಗ ಹಾಕ್ಕೊಂಡು ಯಾದಗಿರಿಗಿ ಬರತಿದ್ದೆ."

ಈ ಸಂಗತಿ ಮಗನಿಗೆ ತಿಳಿದಿತ್ತು. ಮುಂದಿನದು ತಿಳಿದಿರಲಿಲ್ಲ.

ಶ್ರಾವಣದ ಒಂದು ಸಂಜೆ, ಮನೆಯಲ್ಲಿ ಹೆರಿಗೆಯ ನೋವು ಪ್ರಾರಂಭವಾಗಿದೆಯೆಂದು ಸುದ್ದಿ ಬಂತು. ಮಾಸ್ತರರು ಸೈಕಲ್ಲನ್ನೇರಿ ದಂಡೆಗೆ ಧಾವಿಸಿದರು. ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಸುರಿದು ಭೀಮೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಅಂಬಿಗನು ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿ ಕುಳಿತಿದ್ದನು. ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. "ನಿಮ್ಮನ್ನ ದಾಟಿಸಿದ್ರ ಅಲ್ಲಿ ಎರಡು ಜೀವ ಕಾಯ್ತಾವ, ಮುಳುಗಿಸಿದ್ರ ನಾನೇನು ಉತ್ತರ ಕೊಡ್ಲಿ?" ಎಂದನು. ಸೇತುವೆಗೆ ಸುತ್ತಿ ಹೋಗೋಣವೆಂದರೆ ನಡುವಿನ ಹಳ್ಳ ಎದೆಯ ಮಟ್ಟ ತುಂಬಿತ್ತು. ರಾತ್ರಿಯೆಲ್ಲ ಕಂಬಳಿಯನ್ನು ಹೊದ್ದು, ಸೈಕಲ್ಲನ್ನು ಹಿಡಿದುಕೊಂಡು ಮಾಸ್ತರರು ದಂಡೆಯ ಮೇಲೆ ನಿಂತಿದ್ದರು. ಮರುದಿನ ಮಧ್ಯಾಹ್ನ ನೀರು ಇಳಿದ ಮೇಲೆ ದಾಟಿ ಮನೆಗೆ ಬಂದಾಗ ಮಗನು ಹುಟ್ಟಿ ಹನ್ನೆರಡು ತಾಸುಗಳಾಗಿದ್ದವು.

"ಇಷ್ಟು ವರ್ಷ ಯಾಕ ಹೇಳಲಿಲ್ಲ?" ಎಂದು ಮಗ ಕೇಳಿದನು.

"ಬಂದು ಮುಟ್ಟಲಾರದವನು ಏನಂತ ಹೇಳಬೇಕು?" ಎಂದು ಮಾಸ್ತರರು ಸೈಕಲ್ಲನ್ನೇರಿದರು.

ದೋರನಹಳ್ಳಿಯ ಮಾರ್ಗವಾಗಿ ಶಹಾಪುರವನ್ನು ಸೇರುವಾಗ ಬಿಸಿಲು ಇಳಿಯುತ್ತಿತ್ತು. ರಸ್ತೆಯ ಇಕ್ಕೆಲಗಳಲ್ಲಿ ಒಡೆದ ಹತ್ತಿ, ಕೊಯ್ದು ಒಟ್ಟಿದ ತೊಗರಿ, ಹಾಲುಗಾಳಿನ ಬಿಳಿಜೋಳ. ಮುಂದೆ ಬೃಹದಾಕಾರದ ಬಂಡೆಗಳ ಗುಡ್ಡಸಾಲು. ಆ ಸಾಲನ್ನು ಸರಿಯಾದ ಸ್ಥಳದಲ್ಲಿ ನಿಂತು ನೋಡಿದರೆ ಹಣೆ, ಮೂಗು, ತುಟಿ, ಗದ್ದ, ಎದೆ ಎಲ್ಲವೂ ಸ್ಪಷ್ಟವಾಗಿ, ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತದೆ. ಜನ ಇದನ್ನು ಮಲಗಿದ ಬುದ್ಧನೆಂದು ಕರೆಯುತ್ತಾರೆ. ಯಾವ ಶಿಲ್ಪಿಯೂ ಕಡೆಯದ ಈ ಬುದ್ಧನಿಗೆ ಇತಿಹಾಸವೂ ಹಿನ್ನೆಲೆಯನ್ನೊದಗಿಸಿದೆ. ಭೀಮೆಯ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಗುಡಿಯೊಂದರ ಮಾಳಿಗೆ ಕುಸಿದಾಗ ಅಶೋಕನ ಶಾಸನಗಳ ಕಲ್ಲು ಬೆಳಕಿಗೆ ಬಂತು. ಪಕ್ಕದ ಕನಗನಹಳ್ಳಿಯಲ್ಲಿ ದೊಡ್ಡ ಬೌದ್ಧ ಸ್ತೂಪದ ಅವಶೇಷಗಳೊಡನೆ, ಅಶೋಕನ ಹೆಸರನ್ನೇ ಕೆತ್ತಿದ ರಾಜದಂಪತಿಗಳ ಉಬ್ಬುಚಿತ್ರವೂ ದೊರೆಯಿತು. ಎರಡು ಸಾವಿರ ವರ್ಷಗಳ ಹಿಂದೆ ಈ ನದಿಯನ್ನು ದಾಟಿ ಭಿಕ್ಷುಗಳೂ ವ್ಯಾಪಾರಿಗಳೂ ಬಂದರು. "ಅವರಿಗೂ ಫಲಕ ಇರಲಿಲ್ಲ. ಕೇಳ್ಕೋತ ಬಂದಿರಬೇಕು" ಎಂದರು ಮಾಸ್ತರರು.

ಹೌದು, ಈ ಪ್ರವಾಸದಲ್ಲಿ ಫಲಕಗಳ ಕೆಲಸವನ್ನು ಮನುಷ್ಯರು ಮಾಡಿದರು. ಚಹದ ಅಂಗಡಿಯವನು ದಾರಿಯನ್ನು ಹೇಳಿ ದುಡ್ಡು ಬೇಡವೆಂದನು. ಸ್ಕೂಟರಿನಲ್ಲಿ ಹೋಗುತ್ತಿದ್ದ ನಡುವಯಸ್ಸಿನವರೊಬ್ಬರು ಹಿಂತಿರುಗಿ ಬಂದು, "ಸರ್, ನಾ ನಿಮ್ಮ ಕೈಯಾಗ ಕಲ್ತಾಂವ" ಎಂದು ಕಾಲು ಮುಟ್ಟಿ ನಮಸ್ಕರಿಸಿ, ಶಹಾಪುರದಲ್ಲಿ ತಮ್ಮ ಮನೆಯಲ್ಲಿಯೇ ಇಳಿಸಿಕೊಂಡರು. ಬಿಸಿನೀರು, ಜೋಳದ ರೊಟ್ಟಿ, ಪುಂಡಿಪಲ್ಯ. ಹತ್ತು ವರ್ಷ ಒಂದೇ ಓಣಿಯಲ್ಲಿದ್ದೂ ಪಕ್ಕದ ಮನೆಯವರ ಹೆಸರನ್ನು ಸರಿಯಾಗಿ ಅರಿಯದ ಮಗ, ಅಪ್ಪನಿಗೆ ಈ ನಾಡಿನಲ್ಲಿರುವ ಸಂಪತ್ತಿನ ಲೆಕ್ಕವನ್ನು ಆ ರಾತ್ರಿ ಮನಸ್ಸಿನಲ್ಲಿಯೇ ಹಾಕಿದನು.

ಎರಡನೆಯ ದಿನದ ದಾರಿ ಸುರಪುರಕ್ಕೆ. ಸುತ್ತಲೂ ಗುಡ್ಡಗಳು, ನಡುವೆ ಏರಿಳಿತದ ಓಣಿಗಳು. ಸುರಪುರವನ್ನು ಸೈಕಲ್ಲಿನ ಮೇಲೆ ಕುಳಿತು ನೋಡುವುದಕ್ಕಿಂತ ಸೈಕಲ್ಲನ್ನು ನೂಕುತ್ತ ನೋಡುವುದೇ ಹೆಚ್ಚು. ಬಳಿಯ ವಾಗಣಗೇರಿಯ ಕೋಟೆಯೆದುರು 1705ರಲ್ಲಿ ಔರಂಗಜೇಬನು, ತನ್ನ ಮುಪ್ಪಿನಲ್ಲಿ, ಖುದ್ದಾಗಿ ಬಂದು ಬೀಡುಬಿಟ್ಟಿದ್ದನು. ಸುರಪುರದ ನಾಯಕರು ಅವನಿಗೆ ಸುಲಭವಾಗಿ ಮಣಿಯಲಿಲ್ಲ. ಊರ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆಯಿದೆ. ಅದನ್ನು ಕಟ್ಟಿಸಿದ ಮೆಡೋಸ್ ಟೇಲರ್, 1841ರಿಂದ 1853ರವರೆಗೆ ಇಲ್ಲಿ ಆಡಳಿತ ನಡೆಸಿದ ಇಂಗ್ಲಿಷ್ ಅಧಿಕಾರಿ, ಕಾದಂಬರಿಗಳನ್ನು ಬರೆದವನು. ಪ್ರಾಪ್ತವಯಸ್ಕನಾಗದ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನವನ್ನು ನೋಡಿಕೊಂಡನು. ಬಾಲಕನು ತನ್ನನ್ನು 'ಅಪ್ಪಾ' ಎಂದು ಕರೆಯುತ್ತಿದ್ದುದನ್ನು ಅವನು ಆತ್ಮಕಥೆಯಲ್ಲಿ ನೆನೆದಿದ್ದಾನೆ. ಆ ಬಾಲಕನೇ ಬೆಳೆದು 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದನು, ಸೋತು ಸೆರೆಯಾದನು, ಅದೇ ವರ್ಷ ಯೌವನದಲ್ಲಿಯೇ ಗುಂಡಿಗೆ ಬಲಿಯಾದನು. ಸೆರೆಯಲ್ಲಿದ್ದ ತರುಣನನ್ನು ಟೇಲರ್ ಹೋಗಿ ಕಂಡನು, ಉಳಿಸಿಕೊಳ್ಳಲು ಪ್ರಯತ್ನಿಸಿದನು.

ಬಂಗಲೆಯ ಮುಂದೆ ನಿಂತು ಈ ಕಥೆಯನ್ನು ಹೇಳಿದ ಮಾಸ್ತರರು ಯಾವ ನೀತಿಯನ್ನೂ ಸೇರಿಸಲಿಲ್ಲ. "ಪ್ರೀತಿ ಖರೇನ ಇತ್ತು. ಆದ್ರ ಇಬ್ಬರೂ ಬ್ಯಾರೆ ಬ್ಯಾರೆ ದಂಡಿ ಮ್ಯಾಲ ನಿಂತಿದ್ರು" ಎಂದಷ್ಟೇ ಅಂದರು. ಮಗನಿಗೆ ಉತ್ತರ ಹೊಳೆಯಲಿಲ್ಲ.

ಮೂರನೆಯ ದಿನ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ತುಳಿದು ತಿಂಥಣಿಯಲ್ಲಿ ಕೃಷ್ಣೆಯನ್ನು ಕಂಡರು. ಭೀಮೆಗಿಂತ ಅಗಲ, ಬಂಡೆಗಳ ನಡುವೆ ಕವಲಾಗಿ ಹರಿಯುವ ನೀರು. ದಂಡೆಯಲ್ಲಿ ಮೌನೇಶ್ವರರ ಸನ್ನಿಧಿ. ಹಿಂದೂಗಳೂ ಮುಸಲ್ಮಾನರೂ ಕೂಡಿಯೇ ನಡೆದುಕೊಳ್ಳುವ ಕ್ಷೇತ್ರವಿದು. ಅಂಗಳದಲ್ಲಿ ಕಾಯಿ ಒಡೆಸುವವರ ಪಕ್ಕದಲ್ಲಿಯೇ ಸಕ್ಕರೆ ಓದಿಸುವವರು ಕುಳಿತಿದ್ದರು. ತಂದೆ ಮಗ ಇಬ್ಬರೂ ಸೇತುವೆಯ ನಡುವೆ ಸೈಕಲ್ಲನ್ನು ನಿಲ್ಲಿಸಿ ಬಹಳ ಹೊತ್ತು ನೀರನ್ನು ನೋಡಿದರು. ಲಾರಿಗಳು ಹಾದುಹೋದಾಗಲೆಲ್ಲ ಸೇತುವೆ ಸಣ್ಣಗೆ ನಡುಗುತ್ತಿತ್ತು. ಹಿಂತಿರುಗುವಾಗ ಏರಿನಲ್ಲಿ ಮಾಸ್ತರರಿಗೆ ಉಸಿರು ಸಾಲದೆ, ರಸ್ತೆಯ ಬದಿಯ ಬೇವಿನ ಬುಡದಲ್ಲಿ ಕುಳಿತುಬಿಟ್ಟರು. ಮುಖ ಬಿಳಿಚಿತ್ತು. ಮಗ ನೀರು ಕುಡಿಸಿ, ಬೆನ್ನನ್ನು ನೀವಿ, ಬೆದರಿದ ದನಿಯಲ್ಲಿ ಮತ್ತೆ ಅದೇ ಮಾತನ್ನು ತೆಗೆದನು.

"ಹಿಂಗ ಒಂದು ದಿನ ಆದ್ರ, ನಾ ಅಲ್ಲಿಂದ ಹ್ಯಾಂಗ ಬರ್ಲಿ, ಅಪ್ಪಾ? ಎಷ್ಟು ಓಡಿದ್ರೂ ಒಂದು ದಿನದ ಮ್ಯಾಲ ಹಿಡೀತದ."

ಆ ಮಾತಿನಲ್ಲಿ ಅಧಿಕಾರವಿರಲಿಲ್ಲ, ಹಟವಿರಲಿಲ್ಲ; ಬರಿಯ ಭಯವಿತ್ತು. ತಾವು ಒಂದು ರಾತ್ರಿ ನಿಂತಿದ್ದ ದಂಡೆಯ ಮೇಲೆ ಮಗ ಹತ್ತು ವರ್ಷಗಳಿಂದ ನಿಂತಿದ್ದಾನೆಂಬುದು ಮಾಸ್ತರರಿಗೆ ಆಗ ಹೊಳೆಯಿತು. ಮನೆ ಮಾರುವ ಮಾತೆಂದು ತಾವು ತಿಳಿದದ್ದು ಮನೆಯ ಮಾತೇ ಆಗಿರಲಿಲ್ಲ. ಅವರು ಮಗನ ಮುಂಗೈಯನ್ನು ಹಿಡಿದುಕೊಂಡು ಸುಮ್ಮನೆ ಕುಳಿತರು.

ನಾಲ್ಕನೆಯ ದಿನ ಅವಸರವಿಲ್ಲದೆ ಹುಣಸಗಿಯ ಕಡೆಗೆ ಹೊರಟರು. ಆ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಳ ಕಾಲ ಅಗೆದು ಶೋಧಿಸಿದ ಆದಿಮಾನವನ ನೆಲೆಗಳಿವೆ. ಇಸಾಂಪುರದಲ್ಲಿ ಸಿಕ್ಕ ಕಲ್ಲಿನ ಕೈಗೊಡಲಿಗಳ ವಯಸ್ಸು ಸುಮಾರು 12 ಲಕ್ಷ ವರ್ಷಗಳೆಂದು ವಿದ್ವಾಂಸರು ಎಣಿಸಿದ್ದಾರೆ. ಅಲ್ಲಿಂದ ಮುಂದೆ, ಪ್ರವಾಸದಲ್ಲಿ ಮೊದಲ ಬಾರಿಗೆ, ನೀರಿನ ಗುಂಟ ಸಾಗುವ ದಾರಿ ಅವರಿಗೆ ಸಿಕ್ಕಿತು. ಅದು ನದಿಯದಲ್ಲ, ನಾರಾಯಣಪುರದ ಎಡದಂಡೆ ಕಾಲುವೆಯದು.

1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಅಣೆಕಟ್ಟು ಕೃಷ್ಣೆಯನ್ನು ತಡೆದು ಬಸವಸಾಗರವನ್ನು ನಿರ್ಮಿಸಿದೆ. ಸುಮಾರು 33 ಟಿಎಂಸಿ ನೀರು ನಿಲ್ಲುತ್ತದೆ. ಅಲ್ಲಿಂದ ಹೊರಡುವ ಎಡದಂಡೆ ಕಾಲುವೆಯೇ ಸುರಪುರ, ಶಹಾಪುರಗಳ ಜೋಳದ ಹೊಲಗಳ ನಡುವೆ ಭತ್ತದ ಗದ್ದೆಗಳನ್ನು ತಂದದ್ದು. ಸರದಿಯ ಮೇಲೆ ನೀರು ಬಿಡುವ 'ಚಾಲು-ಬಂದ್' ಪದ್ಧತಿಯಲ್ಲಿ ಆ ವಾರ ಚಾಲೂ ಇತ್ತು. ಕಾಲುವೆಯ ಏರಿಯ ಮೇಲೆ ಸಮತಟ್ಟಾದ ಮಣ್ಣಿನ ದಾರಿ. ಪಕ್ಕದಲ್ಲಿ ತುಂಬಿ ಹರಿಯುವ ಹಸಿರು ನೀರು. ಮಗ ಮಕ್ಕಳಂತೆ ಗಂಟೆ ಬಾರಿಸುತ್ತ ಮುಂದೆ ಹೋದನು. "ಇದು ನಮ್ಮ ಡ್ಯಾನ್ಯೂಬ್, ಅಪ್ಪಾ!" ಎಂದು ಕೂಗಿದನು. ಮಾಸ್ತರರು ಹಿಂದಿನಿಂದ, "ಹೌದು, ಆದ್ರ ಇದನ್ನ ಮಂದಿ ಕಡದದ್ದು" ಎಂದರು. ಹುಟ್ಟಿನಿಂದ ಜೊತೆಗೆ ಬಾರದ ದಾರಿಯನ್ನು ಮನುಷ್ಯರು ಬೇಕೆಂದರೆ ಕಡಿದುಕೊಳ್ಳಬಹುದೆಂಬ ಅರ್ಥ ಆ ಮಾತಿನಲ್ಲಿತ್ತೋ ಏನೋ, ಮಗ ವೇಗವನ್ನು ತಗ್ಗಿಸಿ ಪಕ್ಕಕ್ಕೆ ಬಂದನು. ಮುಂದೆ ನಾರಾಯಣಪುರದವರೆಗೆ ಇಬ್ಬರೂ ಸಮಸಮನಾಗಿಯೇ ತುಳಿದರು.

ಮರಳುವಾಗ ಸರಕಾರಿ ಬಸ್ಸು. ಸೈಕಲ್ಲುಗಳೆರಡನ್ನೂ ಮೇಲೆ ಹಾಕಿ ಕಟ್ಟಿದರು. ಕತ್ತಲಾದ ಮೇಲೆ ಮನೆಯನ್ನು ತಲುಪಿ ಊಟಕ್ಕೆ ಕುಳಿತಾಗ ಮಗನು ಭೀಮೆಯ ದಂಡೆಯ ಕಥೆಯನ್ನು ತಾಯಿಯೆದುರು ತೆಗೆದನು. ಅಪ್ಪ ಆ ರಾತ್ರಿ ಬರಲಾಗದೆ ಇಷ್ಟು ವರ್ಷ ಒಳಗೇ ನೊಂದದ್ದನ್ನು ಹೇಳಿದನು. ಆ ರಾತ್ರಿಯ ಬಗೆಗೆ ಈವರೆಗೆ ಯಾರೂ ಕೇಳದಿದ್ದ ಒಬ್ಬರಿದ್ದರೆ ಅವರು ತಾಯಿ.

ಅವರು ಅನ್ನವನ್ನು ಬಡಿಸುತ್ತಿದ್ದ ಕೈಯನ್ನು ನಿಲ್ಲಿಸಿ ಅಂದರು: "ಇವರು ದಂಡಿಗಿ ಬಂದು ನಿಂತಿರತಾರ ಅಂತ ನನಗ ಗೊತ್ತಿತ್ತು. ಹೊಳಿ ಬಂದದ ಅಂತ ಸೂಲಗಿತ್ತಿ ಹೇಳಿದ್ಲು. ಬರಲಿಲ್ಲ ಅಂತ ಒಮ್ಮಿನೂ ಅನಿಸಲಿಲ್ಲ. ದಂಡ್ಯಾಗ ನಿಂತಾರ ಅನ್ನೂದು ಗೊತ್ತಿದ್ರ ಸಾಕು, ತಮ್ಮಾ. ನೀನೂ ನಿಂತಿರ್ತಿ ಅಂತ ನನಗ ಗೊತ್ತದ."

ಯಾರೂ ಮಾತನಾಡಲಿಲ್ಲ. ಮಗ ತಲೆತಗ್ಗಿಸಿ ಅನ್ನವನ್ನು ಕಲೆಸುತ್ತ ಕುಳಿತನು.

ಮರುದಿನ ಮನೆಯನ್ನು ನೋಡಲು ಬರಬೇಕಾದವರಿಗೆ ಮಗನೇ ಫೋನು ಮಾಡಿ ಬರುವುದು ಬೇಡವೆಂದು ತಿಳಿಸಿದನು. ಮಾಸ್ತರರು, ತಮಗೆ ತಾವೇ ಹೇಳಿಕೊಳ್ಳುವಂತೆ, ಬೇಸಗೆಯಲ್ಲಿ ಮೂರು ತಿಂಗಳು ಇಬ್ಬರೂ ಮ್ಯೂನಿಕ್ಕಿಗೆ ಬರುವುದಾಗಿಯೂ, ಆ ಕುದುರೆಗಳ ದಾರಿಯನ್ನು ಒಮ್ಮೆ ಕಣ್ಣಿನಿಂದ ನೋಡಬೇಕಾಗಿರುವುದಾಗಿಯೂ ಅಂದರು. ಶ್ರಾವಣದ ಹೊತ್ತಿಗೆ ಮಾತ್ರ ಯಾದಗಿರಿಯಲ್ಲಿರಬೇಕು. ಹೊಳೆ ಬರುವುದು ಆಗಲೇ ಅಲ್ಲವೇ?

ಮಗ ಎದ್ದು ಅಂಗಳಕ್ಕೆ ಹೋಗಿ, ಕೊಬ್ಬರಿಯ ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟುಕೊಂಡು, ಹಳೆಯ ಸೈಕಲ್ಲಿನ ಸರಪಳಿಯನ್ನು ಒರೆಸತೊಡಗಿದನು.